ಬೀಗದ ಕೈ ಮೊಳೆಗೆ ಹಾಕಿ ಹೊರಡುವ ಕೋಲಕ್ಕ

ಬೆಳಗಿನ ಆರು ಗಂಟೆ. ಹಾಸ್ಟೆಲ್ಲಿನ ಅಂಗಳದಲ್ಲಿ ಇನ್ನೂ ಮಬ್ಬು. ಕೋಲಕ್ಕ ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ಅಡುಗೆಮನೆ ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸುತ್ತಾರೆ. ಕೈಗಡಿಯಾರ ಬಿಚ್ಚಿಡುತ್ತಾರೆ. ಪರ್ಸಿನ ಚಿಲ್ಲರೆಯನ್ನೆಲ್ಲ ಡಬ್ಬಿಗೆ ಸುರಿದು, ಚಪ್ಪಲಿ ಬದಲಿಸುತ್ತಾರೆ.

"ಕಳ್ಳತನಕ್ಕೆ ಹೊರಟೋರ ಥರ ಕಾಣ್ತೀರಲ್ಲ," ಎನ್ನುತ್ತಾನೆ ಅಡುಗೆಯವನು, ಟೀ ಸೋಸುತ್ತ.

"ಕದಿಯೋಕೇ ಹೋಗ್ತಿರೋದು. ಅವರಪ್ಪನ ಕೈಯಿಂದ ಇವಳನ್ನ."

ಇವಳು ಅಂದರೆ ಗೇಟಿನ ಹತ್ತಿರ ಬಿಳಿ ಕೋಲು ಹಿಡಿದು ನಿಂತಿರುವ ಹದಿನಾಲ್ಕರ ಹುಡುಗಿ. ಹುಟ್ಟಿನಿಂದಲೇ ಕಣ್ಣು ಕಾಣದು. ಬಾಯಿಗೆ ಬಿಡುವಿಲ್ಲದ್ದರಿಂದ ಹಾಸ್ಟೆಲ್ಲಿಗೆಲ್ಲ ಗುಬ್ಬಿ. ಇವತ್ತು ಮಾತ್ರ ಗುಬ್ಬಿಯ ಬಾಯಿ ಕಟ್ಟಿಹೋಗಿದೆ. ಅವಳ ಟ್ರಂಕು ನಿನ್ನೆ ಸಂಜೆಯಿಂದಲೇ ತುಂಬಿ ಮಂಚದ ಕೆಳಗೆ ಕೂತಿದೆ.

ವಿಷಯ ಇಷ್ಟು. ಅಂಧ ಮಕ್ಕಳ ಈ ಶಾಲೆಯಲ್ಲಿ ಏಳನೇ ತರಗತಿಯೇ ಕೊನೆ. ಹೈಸ್ಕೂಲು ಊರಿನ ಇನ್ನೊಂದು ತುದಿಯಲ್ಲಿ. ದಿನಾ ಬಸ್‌ ನಿಲ್ದಾಣದವರೆಗೆ ನಡೆದು ಬಸ್ಸು ಹಿಡಿಯಬೇಕು. ಗುಬ್ಬಿಯ ಅಪ್ಪ ಗಾರೆ ಕೆಲಸದವರು. ಓದಿದ್ದು ಸಾಕು, ಮನೆಗೆ ಬರಲಿ ಎಂದು ಪಟ್ಟು ಹಿಡಿದರು. ಕೋಲಕ್ಕನೂ ಬಿಡಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಯಾರ ಕೈಯನ್ನೂ ಹಿಡಿಯದೆ, ಯಾರಿಂದಲೂ ಒಂದು ಮಾತಿನ ನೆರವೂ ಪಡೆಯದೆ ಗುಬ್ಬಿ ಒಂದು ಬೆಳಿಗ್ಗೆ ನಿಲ್ದಾಣ ತಲುಪಬೇಕು. ಅಪ್ಪ ಅಲ್ಲೇ ಕಾದಿರುತ್ತಾರೆ. ತಲುಪಿದರೆ ಹೈಸ್ಕೂಲಿನ ಅರ್ಜಿಗೆ ಸಹಿ. ಇಲ್ಲದಿದ್ದರೆ ಮುಂದಿನ ಬಸ್ಸಿಗೇ ಮಗಳೂ ಟ್ರಂಕೂ ವಾಪಸ್ಸು.

"ಅವರು ಕೆಟ್ಟೋರಲ್ಲ," ಎನ್ನುತ್ತಾರೆ ಕೋಲಕ್ಕ. "ಹೆದರಿದ್ದಾರೆ ಅಷ್ಟೇ. ಹೆದರಿದೋರ ಹತ್ರ ವಾದ ಮಾಡಿ ಏನು ಬಂತು? ತೋರಿಸ್ಬೇಕು."

ಕೋಲಕ್ಕನಿಗೆ ಈಗ ನಲವತ್ತಾರು. ಹತ್ತೊಂಬತ್ತು ವರ್ಷದ ಹಿಂದೆ ಕಸ ಗುಡಿಸಲು, ಬಟ್ಟೆ ಒಗೆಯಲು ಇಲ್ಲಿಗೆ ಸೇರಿದವರು. ಒಮ್ಮೆ ಮಕ್ಕಳಿಗೆ ಕೋಲು ಹಿಡಿದು ನಡೆಯಲು ಕಲಿಸುವ ಬಗ್ಗೆ ಮೂರು ವಾರದ ತರಬೇತಿ ಕೊಡಲು ಹೊರಗಿನಿಂದ ಒಬ್ಬರು ಬಂದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಿಸಿಲಲ್ಲಿ ನಡೆಯಬೇಕು ಎಂದಾಗ ಮೇಷ್ಟ್ರುಗಳಿಗೆಲ್ಲ ಒಂದೊಂದು ಕೆಲಸ ನೆನಪಾಯಿತು. ಪೊರಕೆ ಮೂಲೆಗಿಟ್ಟು ಇವರು ಹೋದರು. ಮೊದಲ ದಿನವೇ ಗೇಟಿಗೆ ಹೋಗಲು ಹೊರಟು ಬಚ್ಚಲುಮನೆ ಗೋಡೆಗೆ ಹಣೆ ಒಡೆದುಕೊಂಡರು. ಗುರುತು ಇನ್ನೂ ಇದೆ. ಅಂದಿನಿಂದ ನಡಿಗೆ ಕಲಿಸುವವರು ಇವರೇ, ಮಕ್ಕಳ ಬಾಯಲ್ಲಿ ಕೋಲಕ್ಕ. ರಿಜಿಸ್ಟರಿನಲ್ಲಿ ಮಾತ್ರ ಇವತ್ತಿಗೂ ಆಯಾ.

ಈಗ ಅವರ ಕೈಯಲ್ಲಿ ಹನ್ನೊಂದು ಮಕ್ಕಳು. ಒಂದು ಬೀದಿ ಪಳಗಲು ಒಂದು ಮಗುವಿಗೆ ಎರಡರಿಂದ ಮೂರು ತಿಂಗಳು. ದಿನಕ್ಕೆ ಎಂಟೊಂಬತ್ತು ಕಿಲೋಮೀಟರ್ ನಡಿಗೆ. ಮಧ್ಯೆ ಅಂಗಿಗೆ ಗುಂಡಿ ಹಾಕುವುದು, ಹಾಸಿಗೆ ಮಡಿಸುವುದು, ತುಂಬುತ್ತಿರುವ ಲೋಟದ ಸದ್ದು ಕೇಳಿ ನೀರು ನಿಲ್ಲಿಸುವುದು, ಒಲೆ ಹಚ್ಚುವುದು. ಕಳೆದ ವರ್ಷ ಬಂದ ಒಂಬತ್ತು ವರ್ಷದ ಮಗುವಿಗೆ ತುತ್ತು ಬಾಯಿಗೊಯ್ಯುವುದೂ ತಿಳಿದಿರಲಿಲ್ಲ. ಅಮ್ಮ ಒಂದು ದಿನವೂ ತಾನೇ ತಿನ್ನಲು ಬಿಟ್ಟಿರಲಿಲ್ಲ. "ಕಣ್ಣಿಲ್ಲ ಅಂತ ಕೈನೂ ಕಿತ್ಕೊಂಡಿದ್ರು ಮನೆಯೋರು," ಎನ್ನುತ್ತಾರೆ ಕೋಲಕ್ಕ. ಹೆಜ್ಜೆ ಎಣಿಸಿ ನಡೆಯಲು ಅವರು ಯಾರನ್ನೂ ಬಿಡುವುದಿಲ್ಲ. "ಎಣಿಸ್ತಾ ಇರುವಾಗ ಯಾರೋ 'ಊಟ ಆಯ್ತಾ' ಅಂದ್ರೆ ಮುಗೀತು ಕಥೆ. ಸದ್ದು ಹಿಡಿ, ವಾಸನೆ ಹಿಡಿ, ಕಾಲ ಕೆಳಗಿನ ನೆಲ ಹಿಡಿ."

ಬೀಗದ ಕೈ ಕಳಚಿಡುವುದನ್ನು ಅವರಿಗೆ ಯಾವ ತರಬೇತಿಯೂ ಕಲಿಸಲಿಲ್ಲ. ಕಲಿತದ್ದು ಒಂದು ತಪ್ಪಿನಿಂದ. ಆಗ ಉಗ್ರಾಣದ ಬೀಗದ ಕೈಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಕ್ಕಳ ಮುಂದೆ ನಡೆಯುತ್ತಿದ್ದರು. ಒಬ್ಬ ವಿದ್ಯಾರ್ಥಿಯಂತೂ ಎಲ್ಲೂ ಎಡವದೆ ಬಾಣದ ಹಾಗೆ ನಡೆಯುತ್ತಿದ್ದ. ಬಂದವರಿಗೆಲ್ಲ ಅವನನ್ನೇ ತೋರಿಸಿ ಬೀಗುತ್ತಿದ್ದರು. ರಜೆಗೆ ಮನೆಗೆ ಹೋದವನು ಮೊದಲ ದಿನವೇ ಪೈಪಿಗೆಂದು ತೋಡಿದ ಗುಂಡಿಗೆ ಬಿದ್ದು ಕೈ ಮುರಿದುಕೊಂಡ. ನೋಡಲು ಹೋದ ಕೋಲಕ್ಕನಿಗೆ ಹಾಸಿಗೆಯಿಂದಲೇ ಹೇಳಿದ: "ಅಲ್ಲಿ ನಿಮ್ಮ ಬೀಗದ ಕೈ ಸದ್ದು ಇರಲಿಲ್ಲ ಅಕ್ಕ."

"ಎರಡು ವರ್ಷ ಅವನಿಗೆ ರಸ್ತೆ ಕಲಿಸಿದೀನಿ ಅಂದ್ಕೊಂಡಿದ್ದೆ. ಕಲಿಸಿದ್ದು ನನ್ನ ಸೊಂಟದ ಹಿಂದೆ ಬರೋದನ್ನ," ಎನ್ನುತ್ತಾರೆ. ನಗುವುದಿಲ್ಲ.

ಅಂದಿನಿಂದ ಬೀಗದ ಕೈ ಮೊಳೆಗೆ. ಕೊನೆಯ ಪಾಠಗಳಲ್ಲಿ ಅವರು ಮುಂದೆ ನಡೆಯುವುದಿಲ್ಲ, ಇಪ್ಪತ್ತು ಹೆಜ್ಜೆ ಹಿಂದಿರುತ್ತಾರೆ. ಸೈಕಲ್ ರಿಪೇರಿ ಮಾಡುವ ಗಂಡ ಹಳೇ ಟ್ಯೂಬು ಕತ್ತರಿಸಿ ಚಪ್ಪಲಿಯ ಅಡಿಗೆ ಅಂಟಿಸಿಕೊಟ್ಟಿದ್ದಾರೆ, ಸದ್ದಾಗದಿರಲೆಂದು. "ಪಂಚರ್ ಆಗದ ಗಿರಾಕಿ ನೀನೊಬ್ಳೇ," ಎಂಬುದು ಅವರ ಹಳೇ ಜೋಕು. ಹಿಂದಿದ್ದರೂ ಬಾಯಿ ಬಿಡುವಂತಿಲ್ಲ. ಎದುರಿಗೆ ಗಾಡಿಯೋ ಗುಂಡಿಯೋ ಬಂದರೆ ಮಾತ್ರ ಒಂದೇ ಮಾತು: "ನಿಲ್ಲು."

ಆರೂಕಾಲಿಗೆ ಗುಬ್ಬಿ ಗೇಟು ದಾಟುತ್ತಾಳೆ. ಒಂದೂಕಾಲು ಕಿಲೋಮೀಟರ್, ಮೂರು ತಿರುವು, ಒಂದು ದೊಡ್ಡ ರಸ್ತೆ. ಮೊದಲ ತಿರುವು ಸಲೀಸು. ಎರಡನೆಯದು ಹಿಟ್ಟಿನ ಗಿರಣಿಯ ಸದ್ದು ಕೇಳಿಸಿದ ಮೇಲೆ ಬಲಕ್ಕೆ. ಇವತ್ತು ಕರೆಂಟಿಲ್ಲ. ಗಿರಣಿಯ ಬಾಗಿಲು ಮುಚ್ಚಿದೆ, ಸದ್ದೂ ಇಲ್ಲ.

ಗುಬ್ಬಿ ತಿರುವು ದಾಟಿ ನೇರ ಹೋಗಿಬಿಡುತ್ತಾಳೆ.

ಮುಂದೆ ಗ್ಯಾರೇಜು, ಅದರಾಚೆ ಚಪ್ಪಡಿ ಕಿತ್ತುಹೋದ ಚರಂಡಿ. ಗುಬ್ಬಿಗೂ ಚರಂಡಿಗೂ ನಡುವೆ ನಲವತ್ತು ಹೆಜ್ಜೆ ಇರಬಹುದು. ಎಣಿಸಬೇಡಿ ಎನ್ನುವ ಕೋಲಕ್ಕ ಈಗ ತಾವೇ ಎಣಿಸುತ್ತಿದ್ದಾರೆ. ಮೂವತ್ತು. ಇಪ್ಪತ್ತೈದು. ಸೆರಗಿನ ತುದಿ ಹಲ್ಲಿನ ನಡುವೆ. ಈಗ "ನಿಲ್ಲು" ಎಂದರೆ ಟ್ರಂಕು ಬಸ್ಸೇರುತ್ತದೆ. ಅನ್ನದಿದ್ದರೆ? ಅನ್ನಲೇಬೇಕು ಎಂದು ಉಸಿರೆಳೆದುಕೊಳ್ಳುವಷ್ಟರಲ್ಲಿ ಗುಬ್ಬಿ ನಿಲ್ಲುತ್ತಾಳೆ. ಮೂಗು ಅರಳಿಸುತ್ತಾಳೆ. ಗ್ಯಾರೇಜಿನ ಎಣ್ಣೆಯ ವಾಸನೆ. ಅದು ಅವಳ ದಾರಿಯದ್ದಲ್ಲ.

ತಿರುಗಿ ಬರುತ್ತಾಳೆ. ಕೋಲು ಅಂಚಿನುದ್ದಕ್ಕೂ ತಡಕುತ್ತ ತಿರುವು ದಾಟಿ, ಮೆಟ್ಟಿಲಿಗೆ ತಾಗುತ್ತದೆ. ಬಗ್ಗಿ ಮೆಟ್ಟಿಲು ಸವರಿ ಬೆರಳುಗಳನ್ನು ಉಜ್ಜಿಕೊಳ್ಳುತ್ತಾಳೆ: ಹಿಟ್ಟು. ಮೂರು ಹೆಜ್ಜೆಯಾಚೆ, ಗೋಡೆಗೊತ್ತಿ ನಿಂತ ಕೋಲಕ್ಕ ಉಸಿರಾಡುತ್ತಿಲ್ಲ. ಗುಬ್ಬಿ ಮತ್ತೆ ತಿರುಗುತ್ತಾಳೆ, ಗೋಡೆ ಮುಗಿದಲ್ಲಿ ಬಲಕ್ಕೆ ಹೊರಳುತ್ತಾಳೆ.

ದೊಡ್ಡ ರಸ್ತೆಯಲ್ಲಿ ಯಾರೋ ಪುಣ್ಯಾತ್ಮರು ಅವಳ ತೋಳು ಹಿಡಿಯಲು ಬರುತ್ತಾರೆ. "ಬೇಡ ಅಣ್ಣ, ಇವತ್ತು ಪರೀಕ್ಷೆ," ಎನ್ನುತ್ತಾಳೆ ಗುಬ್ಬಿ. ಸದ್ದು ಕೇಳುತ್ತ ನಿಂತು, ತೆರಪು ಸಿಕ್ಕೊಡನೆ ದಾಟುತ್ತಾಳೆ. ಹಿಂದೆ ಉಳಿದ ಕೋಲಕ್ಕನಿಗೆ ಲಾರಿಗಳ ಸಾಲು ಅಡ್ಡ ಬರುತ್ತದೆ.

ಏದುಸಿರು ಬಿಡುತ್ತ ಅವರು ನಿಲ್ದಾಣ ತಲುಪುವ ಹೊತ್ತಿಗೆ ಗುಬ್ಬಿ ಅಪ್ಪನ ಪಕ್ಕ ಬೆಂಚಿನಲ್ಲಿ ಕೂತು ವರದಿ ಒಪ್ಪಿಸುತ್ತಿದ್ದಾಳೆ. ಬಾಯಿ ವಾಪಸ್ಸು ಬಂದಿದೆ.

"ನೀವು ಲೇಟು," ಎನ್ನುತ್ತಾರೆ ಅಪ್ಪ. ಮಗಳ ಬೆರಳಿನ ಹಿಟ್ಟನ್ನೇ ಸ್ವಲ್ಪ ಹೊತ್ತು ನೋಡುತ್ತಾರೆ. ಸಿಮೆಂಟು ತಿಂದು ಬಿರಿದ ತಮ್ಮ ಕೈ ಚಾಚುತ್ತಾರೆ. "ಪೆನ್ನಿದ್ಯಾ? ಎಲ್ಲಿ ಹಾಕ್ಬೇಕು ಸೈನು?"

ಸಹಿ ಬೀಳುತ್ತದೆ, ಸ್ವಲ್ಪ ಸೊಟ್ಟಗೆ. ಗುಬ್ಬಿ ಕೋಲಕ್ಕನ ಕಡೆ ಮುಖ ತಿರುಗಿಸುತ್ತಾಳೆ. "ಗಿರಣಿ ಹತ್ರ ನೀವಿದ್ರಾ ಅಕ್ಕ?"

"ಇದ್ದೆ."

"ಸುಳ್ಳು. ನಂಗೊಂಚೂರೂ ಗೊತ್ತಾಗ್ಲಿಲ್ಲ."

ಏನಾದರೂ ಬೇಕೇ ಎಂದು ಕೇಳಿದರೆ ಕೋಲಕ್ಕನಿಗೆ ದೊಡ್ಡ ಆಸೆಗಳೇನೂ ಇಲ್ಲ. "ಆ ಚರಂಡಿಗೊಂದು ಚಪ್ಪಡಿ ಹಾಕಿಸ್ಲಿ. ನಾಲ್ಕು ಸಲ ಅರ್ಜಿ ಬರೆಸಿದೀನಿ," ಎನ್ನುತ್ತಾರೆ.

ಎಂಟು ಗಂಟೆಗೆ ಅವರು ಹಾಸ್ಟೆಲ್ಲಿಗೆ ಮರಳುತ್ತಾರೆ. "ಏನಾಯ್ತು ಕಳ್ಳತನ?" ಎಂದು ಅಡುಗೆಯವನು ಟೀ ಲೋಟ ಮುಂದಿಡುತ್ತಾನೆ. ಟ್ರಂಕು ಬಿಚ್ಚಿಸಲು ಹೇಳಿ, ಕೋಲಕ್ಕ ನಿಂತೇ ಟೀ ಕುಡಿಯುತ್ತಾರೆ. ಬೀಗದ ಕೈ ಇನ್ನೂ ಮೊಳೆಯಲ್ಲೇ ಇದೆ. ಗೇಟಿನ ಹತ್ತಿರ ಮುಂದಿನ ಮಗು ಕೋಲು ಹಿಡಿದು ನಿಂತಿದೆ. ಲೋಟ ಕೆಳಗಿಟ್ಟು ಹೊರಡುವಾಗ, ಯಾರೂ ಕೇಳದಿದ್ದರೂ, ಅಡುಗೆಯವನಿಗೆ ಹೇಳುತ್ತಾರೆ:

"ಮೂರೇ ಹೆಜ್ಜೆ ದೂರದಲ್ಲಿದ್ದೆ. ಗೊತ್ತೇ ಆಗ್ಲಿಲ್ವಂತೆ ಅವಳಿಗೆ."