ಗುಂಡಿ ಹಾಕಿಸಿ ನೋಡುವ ಸಿಸ್ಟರ್

ಬೆಳಗಿನ ಆರು ಗಂಟೆ. ಕ್ಯಾನ್ಸರ್ ವಾರ್ಡಿನಲ್ಲಿ ನೆಲ ಒರೆಸಿದ ನೀರು ಇನ್ನೂ ಆರಿಲ್ಲ. ದೊಡ್ಡ ಸಿಸ್ಟರ್ ಮಂಚದ ಅಂಚಿಗೆ ಕೂತು ನಿವೃತ್ತ ಬಸ್ ಡ್ರೈವರ್ ಒಬ್ಬರ ಕೈಯಲ್ಲಿ ನರ ಹುಡುಕುತ್ತಿದ್ದಾರೆ. "ಕಣ್ಣಾಮುಚ್ಚಾಲೆ ಆಡ್ತಿದೆ ನೋಡಿ ಯಜಮಾನ್ರೇ," ಎನ್ನುತ್ತಲೇ ಸೂಜಿ ಇಳಿಸುವ ಮೊದಲು ಒಂದು ಅಪ್ಪಣೆ: "ಎಲ್ಲಿ, ಅಂಗಿ ಗುಂಡಿ ಹಾಕ್ಕೊಳ್ಳಿ ನೋಡೋಣ."

ಇಪ್ಪತ್ತೆರಡು ವರ್ಷದ ಸರ್ವೀಸು. ದಿನಕ್ಕೆ ಮೂವತ್ತನಾಲ್ಕು ಮಂದಿಗೆ ಕೀಮೋ. ಡ್ಯೂಟಿ ಪಟ್ಟಿಯಲ್ಲಿ ಐವರು ನರ್ಸುಗಳು, ವಾರ್ಡಿನಲ್ಲಿ ಮೂವರು. "ಇನ್ನಿಬ್ಬರು ಪಟ್ಟಿಯಲ್ಲೇ ಕೆಲ್ಸ ಮಾಡ್ತಾರೆ," ಎಂದು ಮೂಗು ಮುರಿಯುತ್ತಾರೆ.

ಎರಡು ವರ್ಷದ ಹಿಂದೆ ಇಲ್ಲಿ ಹೊಸ ಔಷಧಿಯೊಂದರ ಅಧ್ಯಯನ ಶುರುವಾಯಿತು. ಅದರ ಅಡ್ಡಪರಿಣಾಮದಿಂದ ಬೆರಳು ಜೋಮು ಹಿಡಿಯುತ್ತದೆಯೇ ಎಂದು ಡಾಕ್ಟರು ಫಾರ್ಮ್ ಹಿಡಿದು ಕೇಳುತ್ತಿದ್ದರು. ನಿಜ ಹೇಳಿದರೆ ಔಷಧಿಯನ್ನೇ ನಿಲ್ಲಿಸಿಬಿಟ್ಟಾರೆಂಬ ಭಯಕ್ಕೆ ರೋಗಿಗಳು "ಏನಿಲ್ಲ ಸಾರ್" ಎನ್ನುತ್ತಿದ್ದರು. ಹಾಗೆಂದ ಟೀಚರ್ ಒಬ್ಬರು ಮನೆಯಲ್ಲಿ ಬಿಸಿ ಹಾಲಿನ ಪಾತ್ರೆ ಕೈಜಾರಿಸಿ ತೊಡೆ ಸುಟ್ಟುಕೊಂಡರು.

"ಅವ್ರ ರವಿಕೆ ಹುಕ್ಕು ಮಗಳು ಹಾಕ್ತಿದ್ದಿದ್ದನ್ನ ನಾನು ಮೂರು ವಾರದಿಂದ ನೋಡ್ತಿದ್ದೆ. ಬರೆಯೋಕೆ ಫಾರ್ಮಲ್ಲಿ ಜಾಗನೇ ಇರ್ಲಿಲ್ಲ. ಹೇಳೋಕೆ ಹೋದ್ರೆ, 'ನೀವು ಡ್ರಿಪ್ ನೋಡ್ಕೊಳ್ಳಿ ಸಿಸ್ಟರ್, ರಿಸರ್ಚ್ ನಾವು ನೋಡ್ಕೋತೀವಿ' ಅಂದ್ರು. ಮೈಯೆಲ್ಲಾ ಉರಿದುಹೋಯ್ತು."

ಅಂದಿನಿಂದ ಪ್ರತಿಯೊಬ್ಬರಿಂದಲೂ ಗುಂಡಿ ಹಾಕಿಸಿ, ಡ್ಯೂಟಿ ಪುಸ್ತಕದಲ್ಲಿ ಬರೆದಿಟ್ಟರು. ಮನೆಯಲ್ಲಿ ಮಗಳ ತಮಾಷೆ: "ಅಮ್ಮ, ನೆಂಟರನ್ನಾದ್ರೂ ಬಿಟ್ಟುಬಿಡು!" ಅಧ್ಯಯನದಲ್ಲಿದ್ದ ನಲವತ್ತೊಂದು ಮಂದಿಯಲ್ಲಿ ಹತ್ತೊಂಬತ್ತು ಜನರಿಗೆ ಗುಂಡಿ ಹಾಕಲಾಗಲಿಲ್ಲ. ಫಾರ್ಮುಗಳ ಪ್ರಕಾರ ತೊಂದರೆ ಇದ್ದದ್ದು ನಾಲ್ವರಿಗೆ! ಪುಸ್ತಕ ತೋರಿಸಲು ಹೋಗಿ ಸಂಶೋಧನಾ ಕೊಠಡಿಯಿಂದ ಎರಡು ಸಲ ಬರಿಗೈಲಿ ವಾಪಸಾದರು. ಮೂರನೇ ಸಲ ಅಂಕಿಅಂಶ ನೋಡುವ ಹುಡುಗಿಯೊಬ್ಬಳು ಪುಸ್ತಕ ಬಿಡಿಸಿ ಓದಿದಳು. "ಅಕ್ಕಾ, ಇದನ್ನ ಇಷ್ಟು ದಿನ ಯಾರೂ ನೋಡ್ಲಿಲ್ವಾ?" ಎಂದಳು. ಅಧ್ಯಯನದ ಸಮಿತಿ ಕೂತಿತು, ಎಲ್ಲರನ್ನೂ ಮತ್ತೆ ಪರೀಕ್ಷಿಸಿತು. ಬೆರಳು ಸೋತವರಿಗೆ ಔಷಧಿಯ ಪ್ರಮಾಣ ತಗ್ಗಿಸುವ ನಿಯಮ ಬಂತು.

ವರದಿಯೂ ಅಚ್ಚಾಯಿತು. ಅದರ ಕೊನೆಯ ಸಾಲು, "ಸಿಬ್ಬಂದಿಯ ಸಹಕಾರಕ್ಕೆ ವಂದನೆಗಳು." ಸಿಸ್ಟರ್ ಪಾಲಿಗೆ ಬಂದದ್ದು ಅಷ್ಟೇ.

ಸಂಶೋಧನೆಗೆಂದು ಈಗ ಅವರಿಗೆ ಬುಧವಾರ ಎರಡು ಗಂಟೆ ಬಿಡುವು ಮಂಜೂರಾಗಿದೆ. ಮನೆಗೆ ಕೊಟ್ಟ ಮಾತ್ರೆಗಳನ್ನು ರೋಗಿಗಳು ನಡುವೆ ಯಾಕೆ ಬಿಡುತ್ತಾರೆ ಎಂಬುದನ್ನು ಅವರು ಕೇಳಿ ತಿಳಿಯಬೇಕಂತೆ. ಹನ್ನೊಂದು ಬುಧವಾರಗಳಲ್ಲಿ ಆ ಬಿಡುವು ದಕ್ಕಿದ್ದು ಎರಡೇ ಸಲ. ಉಳಿದ ದಿನ ಯಾರೋ ರಜೆ; ಮೇಲಿನವರದು ಒಂದೇ ಮಾತು, "ಹೇಗೂ ನೀವಿದ್ದೀರಲ್ಲ!"

ಗುಂಡಿ ಹಾಕಿ ತೋರಿಸಿದ ಡ್ರೈವರ್ ಅವರ ಡ್ರಿಪ್ ಹನಿಯತೊಡಗಿದೆ. ಸಿಸ್ಟರ್ ಕೈಗವಸು ಕಳಚಿ ಬುಟ್ಟಿಗೆ ಎಸೆಯುತ್ತಾರೆ.

"ವರದೀಲಿ ಹೆಸರು ಹಾಕದಿದ್ರೆ ಹಾಳಾಗ್ಲಿ. ಮುಂದಿನ ಫಾರ್ಮ್ ಅಚ್ಚಿಗೆ ಹೋಗೋ ಮುಂಚೆ ನಮ್ಮನ್ನೂ ಒಂದರ್ಧ ಗಂಟೆ ಕೂರಿಸ್ಕೊಂಡು ಕೇಳ್ಲಿ. ದಿನವಿಡೀ ಈ ಜನರ ಕೈ ಹಿಡ್ಕೊಂಡಿರೋರು ನಾವು ತಾನೇ?"