ಲಾಗ ಹಾಕುವ ಕೋತಿ

ನನ್ನ ಗೆಳೆಯನನ್ನು ಬೀದಿಯವರೆಲ್ಲ ಸ್ಪ್ರಿಂಗ್ ಎಂದು ಕರೆಯುತ್ತಿದ್ದರು. ಕೂತಲ್ಲಿ ಕೂರದ ಜೀವ. ಹೊಲಿಗೆ ಯಂತ್ರ ರಿಪೇರಿ ಅವನ ಕಸುಬು. ಕೆಟ್ಟ ಯಂತ್ರಗಳ ಬಿಡಿಭಾಗಗಳಿಂದ ಕುಣಿಯುವುದನ್ನೋ ತಿರುಗುವುದನ್ನೋ ಏನಾದರೊಂದನ್ನು ಮಾಡುವುದು ಅವನ ಹುಚ್ಚು. ಹೆಚ್ಚಿನವು ಯಾವ ಕೆಲಸಕ್ಕೂ ಬರುತ್ತಿರಲಿಲ್ಲ. ನಿಂಬೆಹಣ್ಣು ಹಿಂಡುವ ಅವನ ಯಂತ್ರ ರಸವನ್ನೆಲ್ಲ ಗೋಡೆಗೆ ಕುಡಿಸುತ್ತಿತ್ತು.

ಕೆಲಸಕ್ಕೆ ಬಂದದ್ದು ಒಂದೇ. ಮದುವೆಯಾದ ಕೆಲವು ವರ್ಷಕ್ಕೆ ಅವನ ಹೆಂಡತಿಗೆ ಜ್ವರ ಬಂದು ಕಿವಿ ಪೂರ್ತಿ ಹೋಯಿತು. ಬಾಗಿಲು ಎಷ್ಟು ಬಡಿದರೂ ಆಕೆಗೆ ಗೊತ್ತಾಗುತ್ತಿರಲಿಲ್ಲ. ಅವನು ಬಾಗಿಲ ಹೊರಗಿನಿಂದ ಅಡುಗೆಮನೆಯವರೆಗೆ ದಾರ ಎಳೆದು, ಒಲೆಯ ಎದುರಿನ ಗೋಡೆಯಲ್ಲಿ ಮರದ ಆನೆಯೊಂದನ್ನು ಕೂರಿಸಿದ. ದಾರ ಎಳೆದರೆ ಆನೆ ತಲೆಯಾಡಿಸುತ್ತಿತ್ತು. ಪಕ್ಕದಲ್ಲೇ ಒಂದು ಕೋತಿ. ಅದರ ದಾರದ ತುದಿ ಬಾಗಿಲ ಚೌಕಟ್ಟಿನ ಮೇಲೆ, ಕಣ್ಣಿಗೆ ಬೀಳದ ಹಾಗಿತ್ತು. ಅದನ್ನು ಅವನೊಬ್ಬನೇ ಎಳೆಯುತ್ತಿದ್ದ. ಆಗ ಕೋತಿ ಲಾಗ ಹಾಕುತ್ತಿತ್ತು.

"ನೀನು ದೊಡ್ಡ ಮನುಷ್ಯ, ನಿಂಗೆ ಆನೆ," ಎಂದು ನನಗೆ ಹೇಳಿದ್ದ. "ಮನೆ ಕೋತಿ ಬಂದ್ರೆ ಅವಳಿಗೆ ಬೇರೆ ಥರ ಗೊತ್ತಾಗ್ಬೇಕಲ್ವಾ?"

ಒಂದು ದಿನ ಅಂಗಡಿಯಲ್ಲಿ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದವನು ಅದರ ಮೇಲೆಯೇ ಒರಗಿದ. ಮತ್ತೆ ಏಳಲಿಲ್ಲ. ಉಳಿದದ್ದೆಲ್ಲ ನಡೆಯಬೇಕಾದ ಹಾಗೆ ನಡೆಯಿತು. ಬಂದವರಿಗೆಂದು ನಾನು ಬಾಡಿಗೆ ಕುರ್ಚಿ ತಂದೆ, ಕುರ್ಚಿ ಹಿಂದಿರುಗಿಸಿದೆ. ಅಳು ಬರಲಿಲ್ಲ.

ಜನ ಕರಗಿದ ಮೇಲೆ ಒಂದು ಮಧ್ಯಾಹ್ನ ನಾನು ಆ ಮನೆಯ ಗ್ಯಾಸ್ ಸಿಲಿಂಡರ್ ಬದಲಿಸುತ್ತಿದ್ದೆ. ಕೋತಿ ಲಾಗ ಹಾಕಿತು. ಆಕೆ ಸೌಟು ಕೆಳಗಿಟ್ಟಳು, ಒದ್ದೆ ಕೈಯಿಂದಲೇ ಕೂದಲು ಸರಿ ಮಾಡಿಕೊಂಡಳು, ಬಾಗಿಲಿಗೆ ನಡೆದಳು. ಹೊರಗೆ ಅವನ ಅಣ್ಣ ನಿಂತಿದ್ದರು. ಎತ್ತರದ ಆಸಾಮಿ, ಕೈ ಚೌಕಟ್ಟಿನ ಮೇಲಿನ ದಾರಕ್ಕೇ ಹೋಗಿತ್ತು. ತಾವು ಮಾಡಿದ್ದೇನೆಂದು ಅವರಿಗೆ ತಿಳಿಯಲೇ ಇಲ್ಲ. ಆಕೆ ನೀರು ಕೊಟ್ಟಳು, ಊಟಕ್ಕೆ ನಿಲ್ಲಿ ಎಂದಳು.

ಅವರು ಹೋದ ಮೇಲೆ ನನ್ನ ಕಡೆ ತಿರುಗಿದಳು. ದನಿಯ ಏರಿಳಿತ ಆಕೆಗೆ ಎಂದೋ ಹೋಗಿತ್ತು.

"ಅಣ್ಣ, ಆ ಕೋತೀನ ತೆಗೆದ್ಬಿಡಿ."

ಸ್ಟೂಲ್ ಹತ್ತಿ ಕೋತಿಯನ್ನು ಕೊಕ್ಕೆಯಿಂದ ಬಿಡಿಸಿದೆ. ಆನೆಯ ತಲೆ ಕೆಳಗೆ ಬಿತ್ತು. ಹೊರಗಿನ ದಾರ ಎಳೆದು ನೋಡಿದೆ, ಅಲ್ಲಾಡಲಿಲ್ಲ. ಕೋತಿಯ ಭಾರದಿಂದಲೇ ಆನೆ ತಲೆ ಎತ್ತಿಕೊಂಡಿತ್ತು. ಬೇರೆ ಏನಾದರೂ ತೂಕ ಕಟ್ಟಲು ನೋಡಿದೆ, ಬೀಗ, ಕತ್ತರಿ. ಯಾವುದೂ ಸರಿಹೋಗಲಿಲ್ಲ. ಆಕೆ ಕೆಳಗೆ ನಿಂತು ನೋಡುತ್ತಿದ್ದಳು.

"ಅಲ್ಲೇ ಸಿಗಿಸಿ. ಆನೆ ಇಲ್ದಿದ್ರೆ ನಂಗೆ ಬಾಗಿಲೇ ಇಲ್ಲ."

ಸಿಗಿಸಿದೆ. ಆನೆ ತಲೆ ಎತ್ತಿತು.

"ಇನ್ಮೇಲೆ ನೀವು ಬಂದಾಗ ಕೋತಿ ದಾರಾನೇ ಎಳೀರಿ. ಎಲ್ರಿಗೂ ಹೇಳ್ಬಿಡಿ. ಯಾರ್ಯಾರೋ ಎಳೆದೂ ಎಳೆದೂ ಅದು ಬರೀ ಕೋತಿ ಆಗ್ಲಿ."

ಈಗಲೇ ಒಮ್ಮೆ ಎಳೆಯಿರಿ ಎಂದಳು. ಹೊರಗೆ ಹೋಗಿ ಬಾಗಿಲು ಹಾಕಿಕೊಂಡೆ. ಚೌಕಟ್ಟಿನ ಮೇಲೆ ಕೈಯಾಡಿಸಿದಾಗ ದಾರದ ತುದಿಗೆ ಅವನು ಕಟ್ಟಿದ್ದ, ನೂಲು ಸುತ್ತುವ ಬಾಬಿನ್ ಸಿಕ್ಕಿತು. ಅವನ ಕೈ ತಾಗಿ ತಾಗಿ ನುಣುಪಾಗಿತ್ತು. ಎಳೆದೆ.

ಆಕೆ ಬಾಗಿಲು ತೆರೆದಳು. ಕೂದಲು ಸರಿ ಮಾಡಿಕೊಂಡಿದ್ದಳು. ನನ್ನನ್ನು ನೋಡಿದಳು.

"ಇನ್ನೊಂದ್ಸಲ," ಎಂದು ಬಾಗಿಲು ಹಾಕಿದಳು.