ಹಳ್ಳದ ಮಣ್ಣಿನ ಎತ್ತು

ಮೊನ್ನೆ ಭಾನುವಾರ ಪುಸ್ತಕದ ಕಪಾಟು ಒರೆಸುವಾಗ ಮಣ್ಣಿನ ಎತ್ತು ಕೈತಪ್ಪಿ ಮೇಜಿನ ಮೇಲೆ ಬಿತ್ತು. ಎತ್ತಿಗೇನೂ ಆಗಲಿಲ್ಲ, ಒಂದು ಕೊಂಬು ಮಾತ್ರ ಮುರಿಯಿತು. ಮುರಿದ ಕೊಂಬನ್ನು ಮೂಗಿನ ಹತ್ತಿರ ಹಿಡಿದೆ. ಒಣಮಣ್ಣಿನ ವಾಸನೆ, ಅದರ ಬೆನ್ನಿಗೇ ಕಡಲೆಕಾಯಿ ಎಣ್ಣೆಯ ಕಮಟು. ಇಷ್ಟು ವರ್ಷವಾದರೂ ಹೋಗಿಲ್ಲ ನೋಡಿ! ಆ ಕಮಟು ನನ್ನನ್ನು ನೆಟ್ಟಗೆ ಚಳ್ಳಕೆರೆಗೆ, ಎಣ್ಣೆ ಮಿಲ್ಲಿನ ಹಿಂದೆ ನಾನು ಬಾಡಿಗೆಗಿದ್ದ ಮನೆಗೆ ಕರೆದುಕೊಂಡು ಹೋಗಿ ಓನರಮ್ಮನ ಮುಂದೆ ನಿಲ್ಲಿಸಿಬಿಟ್ಟಿತು...

ಆಗ ನಾನು ಆಗಷ್ಟೇ ಸಂಶೋಧನೆ ಶುರುಮಾಡಿದ್ದ ಹುಡುಗಿ. ಮೊಳಕಾಲ್ಮುರು ಕಡೆಯ ಹಳ್ಳಗಳಲ್ಲಿ ವರ್ಷದ ಬಹುಪಾಲು ತೊಟ್ಟು ನೀರಿರುವುದಿಲ್ಲ. ಹಾಗಿದ್ದರೂ ಒಂದು ಮಳೆ ಬಿದ್ದು ಗುಂಡಿ ತುಂಬಿದರೆ ಸಾಕು, ನಾಲ್ಕೇ ದಿನದಲ್ಲಿ ನೀರಿನ ತುಂಬ ಹುಳು. ಅಷ್ಟು ದಿನ ಅವು ಎಲ್ಲಿದ್ದವು, ಹೇಗೆ ಬದುಕಿದ್ದವು ಎಂಬುದೇ ನನ್ನ ವಿಷಯ. ಕೇಳಿದವರೆಲ್ಲ ನಗುತ್ತಿದ್ದರು. ನನ್ನ ಗೈಡ್ ನಗಲಿಲ್ಲ, ಆದರೆ ನಂಬಲೂ ಇಲ್ಲ. "ಮೊದಲು ಆ ಒಣಮಣ್ಣಿನಿಂದ ಒಂದು ಜೀವ ಎಬ್ಬಿಸಿ ತೋರಿಸಮ್ಮ. ಮಣ್ಣೆತ್ತಿನ ಅಮಾವಾಸ್ಯೆ ಆದ ಮುಂದಿನ ವಾರ ನಾನೇ ಬರ್ತೀನಿ. ಎದ್ದರೆ ಇದೇ ವಿಷಯ. ಇಲ್ಲದಿದ್ದರೆ ಬೇರೆ ನೋಡೋಣ" ಅಂದಿದ್ದರು.

ಬಿ.ಜಿ. ಕೆರೆಯಿಂದ ಆಚೆಗಿನ ಒಂದು ಹಳ್ಳದಲ್ಲಿ ಮೂರು ಗುಂಡಿಗಳ ಮಣ್ಣು ಕೆರೆದು ತಂದಿದ್ದೆ. ನಾನು ಮಣ್ಣು ತಂದ ವಾರವೇ ಅಲ್ಲಿ ಚೆಕ್ ಡ್ಯಾಮ್ ಕಟ್ಟಲು ಜೆಸಿಬಿ ಇಳಿಯಿತು. ಗುಂಡಿಗಳು ಹೋದವು. ಆ ಹಳ್ಳದ್ದು ಅಂತ ಭೂಮಿಯ ಮೇಲೆ ಉಳಿದದ್ದು ನನ್ನ ಕೋಣೆಯ ಮೂರು ಡಬ್ಬಿಗಳು ಮಾತ್ರ.

ಆ ಡಬ್ಬಿಗಳೂ ನನ್ನವಲ್ಲ, ಓನರಮ್ಮನವು. ಹಳೆಯ ಹಿಟ್ಟಿನ ಡಬ್ಬಿಗಳು. ಆಕೆಯ ಮನೆಯವರು ಮೂರು ತಲೆಮಾರಿನಿಂದ ಎಣ್ಣೆ ವ್ಯಾಪಾರದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಮನುಷ್ಯರು ಸಿಗದಿದ್ದರೆ ಬೋರಿನ ಮೋಟರನ್ನೇ ಬೈಯುತ್ತಿದ್ದರು: "ಅಳ್ತೀಯಾ ಯಾಕೆ, ನೀರೆತ್ತು!" ಕೋಣೆ ಕೊಡುವ ಮೊದಲು ನನ್ನನ್ನು ಕೂರಿಸಿಕೊಂಡು ಷರತ್ತು ಹೇಳಿದ್ದರು. "ನೋಡವ್ವ, ನಮ್ಮನೇಲಿ ಮಾಂಸ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ. ಜೀವ ಹಿಡಿಯಂಗಿಲ್ಲ, ಜೀವ ಹೊಡಿಯಂಗಿಲ್ಲ. ಜಿರಲೆನೂ ನಾನು ಮೊರದಾಗೆ ಎತ್ತಿ ಆಚೆ ಬಿಡ್ತೀನಿ."

ಇಂಥವರ ಮುಂದೆ ಹುಳು ಸಾಕುತ್ತೇನೆ ಅಂತ ಬಾಯಿ ಬಿಡಲಾದೀತೇ? ಡಬ್ಬಿಯಲ್ಲೇನಿದೆ ಅಂತ ಕೇಳಿದಾಗ, "ಏನಿಲ್ಲಮ್ಮ, ಬರೀ ಮಣ್ಣು" ಅಂದುಬಿಟ್ಟೆ. ಆ ಒಂದು ಸುಳ್ಳು ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅಂದರೆ, ಇವತ್ತಿಗೂ ನೆನೆಸಿಕೊಂಡರೆ ಬೆವರುತ್ತದೆ.

ಬೇರೆ ಹಳ್ಳ ನೋಡಲು ಕೊಂಡ್ಲಹಳ್ಳಿಗೆ ಹೋದವಳು ಮೂರು ದಿನ ಅಲ್ಲೇ ಉಳಿದೆ. ವಾಪಸು ಬಂದದ್ದು ಮಣ್ಣೆತ್ತಿನ ಅಮಾವಾಸ್ಯೆಯ ಮಧ್ಯಾಹ್ನ. ಅಡುಗೆಮನೆ ಕಟ್ಟೆಯ ಮೇಲೆ ನನ್ನ ಮೂರು ಡಬ್ಬಿಗಳು ಬೋರಲು ಮಲಗಿದ್ದವು. ತೊಳೆದು, ಬೆಳಗಿ, ಒರೆಸಿಟ್ಟಿದ್ದರು. ಫಳಫಳ ಹೊಳೆಯುತ್ತಿದ್ದವು.

"ಅಮ್ಮಾ... ನನ್ನ ಮಣ್ಣು?"

"ಬಾ ಇಲ್ಲಿ, ಹೆಂಗೈತೆ ನೋಡು!" ಅಂತ ಕೈಹಿಡಿದು ದೇವರ ಮನೆಗೆ ಎಳೆದುಕೊಂಡು ಹೋದರು. ಮಣೆಯ ಮೇಲೆ ಒಂದು ಜೋಡಿ ಎತ್ತು, ಮುಂದೆ ಮೇವು ಹಾಕುವ ಪುಟ್ಟ ಗೋದಲಿ. ಅರಿಸಿನ, ಕುಂಕುಮ, ಹೂವು, ಎದುರಿಗೆ ಎಡೆ. "ಮಣ್ಣಿಗೆ ಕೆರೆತನಕ ಹೋಗಾಕೆ ಮೊಣಕಾಲು ಬಿಡಲಿಲ್ಲ ಕಣವ್ವ. ನಿನ್ನ ಡಬ್ಬೀಲಿ ಬರೀ ಮಣ್ಣು ಐತೆ ಅಂದಿದ್ಯಲ್ಲ, ತಗಂಡೆ. ಏನ್ ಮಣ್ಣೇ ಅದು, ಬೆಣ್ಣೆ! ಕೈಗೆ ಒಂಚೂರು ಎಣ್ಣೆ ಸವರಿಕೊಂಡು ನಾದಿ, ಮಾಳಿಗೆ ಮೇಲೆ ಎರಡು ದಿನ ಒಣಗಿಸಿದೆ. ಕಣ್ಣಿಗೆ ಗುಲಗಂಜಿ ಸಿಗಲಿಲ್ಲ. ಮಣ್ಣಾಗೇ ನಾಲ್ಕು ಸಣ್ಣ ಶಂಖ ಸಿಕ್ಕಿದ್ವು, ಅವನ್ನೇ ಒತ್ತಿದೆ."

ನಾನು ಅಲ್ಲೇ ಗೊಳೋ ಅಂತ ಅತ್ತೆ. ಬಸವಣ್ಣನನ್ನು ನೋಡಿ ಹುಡುಗಿಗೆ ಭಕ್ತಿ ಉಕ್ಕಿತು ಅಂದುಕೊಂಡು ಅವರು ಮೊದಲು ಖುಷಿಪಟ್ಟರು. ಅಳು ನಿಲ್ಲದಿದ್ದಾಗ ಗಾಬರಿಯಾದರು. ಬೇರೆ ದಾರಿಯಿಲ್ಲದೆ ಬಾಯಿಬಿಟ್ಟೆ.

"ಅದು ಬರೀ ಮಣ್ಣಲ್ಲಮ್ಮ. ಸುಳ್ಳು ಹೇಳಿದ್ದೆ. ಅದರಲ್ಲಿ ಹುಳುಗಳ ಮೊಟ್ಟೆ ಇವೆ. ಸಾವಿರಾರು..."

"ದೇವರ ಮನೇಲಿ ನಿಂತು ಮೊಟ್ಟೆ ಅಂದೆಯಾ?"

"ಹೂಂ. ಎತ್ತಿನೊಳಗಿವೆ."

ಓನರಮ್ಮ ಎತ್ತನ್ನು ನೋಡಿದರು, ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು. ಆಮೇಲೆ ನಾನು ಕಾಯುತ್ತಿದ್ದ ಬೈಗುಳ ಬರಲಿಲ್ಲ. ಮೆಲ್ಲಗೆ ಕೇಳಿದರು: "ಹಂಗಾದ್ರೆ ಅಷ್ಟು ಜೀವಾನೂ ನಾನು ನಾದಿ, ಬಿಸಿಲಿಗಿಟ್ಟು ಕೊಂದೆನಾ? ಅಮಾಸೆ ದಿನ?"

ಆ ಮುಖ ನೋಡಿ ನನಗೆ ನನ್ನ ಅಳು ಮರೆತೇಹೋಯಿತು. ನನಗೆ ಗೈಡಿನ ಭಯ, ಅವರಿಗೆ ಶಿವನ ಭಯ. ಅವತ್ತು ಮನೆಯಲ್ಲಿ ಹೋಳಿಗೆ ಹಾಗೇ ಉಳಿಯಿತು.

ಪೂಜೆಯಾದ ಮೇಲೆ ಮೂರನೆಯ ದಿನ ಎತ್ತು ನೀರಿಗೆ ಬಿಡುವುದು ಅವರ ಮನೆಯ ಪದ್ಧತಿ. ಅಲ್ಲಿಯವರೆಗೆ ಮುಟ್ಟುವ ಹಾಗಿಲ್ಲ. ಆ ಮೂರು ದಿನ ಓನರಮ್ಮ ನನ್ನನ್ನು ಹಿಂಡಿಬಿಟ್ಟರು. ಒಗ್ಗರಣೆ ಹಾಕುತ್ತ ಒಂದು ಸಲ, ಬಟ್ಟೆ ಹಿಂಡುತ್ತ ಒಂದು ಸಲ, "ಬದುಕಿರ್ತಾವಾ?" ನಾನು ಓದಿದ್ದನ್ನೆಲ್ಲ ಹೇಳಿದೆ. ಆ ಮೊಟ್ಟೆಗಳಿಗೆ ಗಟ್ಟಿ ಕವಚ ಇರುತ್ತದೆ, ಬಿಸಿಲು ಅವುಗಳಿಗೆ ಹೊಸದಲ್ಲ, ಒಣಗಿದ ಮೇಲೇ ಅವು ಏಳುವುದಕ್ಕೆ ತಯಾರಾಗುವುದು ಅಂದೆ.

"ನಾದುವಾಗ ನೀರು ಹಾಕಿದ್ನಲ್ಲೇ. ಅದನ್ನೇ ಮಳೆ ಅಂತ ತಿಳ್ಕಂಡು ಆಗಲೇ ಎದ್ದು ಸತ್ತಿದ್ರೆ?"

ನನ್ನ ಗೈಡ್ ಕೂಡ ಕೇಳಿರದ ಪ್ರಶ್ನೆ ಅದು! "ಎಲ್ಲಾ ಮೊಟ್ಟೆಗಳೂ ಮೊದಲನೇ ಮಳೆಯನ್ನ ನಂಬಲ್ಲಮ್ಮ" ಅಂದೆ. "ಕೆಲವು ಏಳ್ತವೆ, ಉಳಿದವು ಮುಂದಿನ ಮಳೆಗೆ ಕಾಯ್ತವೆ. ಮೊದಲನೇದು ಕೈಕೊಟ್ಟರೂ ವಂಶ ಉಳಿಯಲಿ ಅಂತ."

"ಬುದ್ಧಿ ಐತೆ" ಅಂದರು. "ನಮ್ಮ ಮನೆ ಗಂಡಸರಿಗಿಂತ ವಾಸಿ. ಒಂದು ಹನಿ ಬಿತ್ತು ಅಂದ್ರೆ ಇದ್ದಬದ್ದ ಶೇಂಗಾ ಬೀಜ ಎಲ್ಲಾ ಹೊಲಕ್ಕೆ ಸುರೀತಿದ್ರು."

ಮೂರನೆಯ ದಿನ ಹೊಸ ತಕರಾರು ಬಂತು. ಬೋರಿನ ಗಡಸು ನೀರಲ್ಲಿ ಆ ಮೊಟ್ಟೆಗಳು ಏಳುವುದು ಕಷ್ಟ, ಮಳೆನೀರೇ ಬೇಕು. ಮನೆಯಲ್ಲಿ ಮಳೆನೀರಿದ್ದದ್ದು ಒಂದೇ ಡ್ರಮ್ಮಿನಲ್ಲಿ. ಬೋರಿನ ನೀರಿಗೆ ತೊಗರಿಬೇಳೆ ಬೇಯುವುದಿಲ್ಲವೆಂದು ಓನರಮ್ಮ ಮಾಳಿಗೆಯಿಂದ ಹಿಡಿದು, ಬಟ್ಟೆ ಕಟ್ಟಿ ಕಾಪಾಡಿಕೊಂಡು ಬಂದಿದ್ದ ನೀರು. ನಾನೊಮ್ಮೆ ಅದರಲ್ಲಿ ಮುಖ ತೊಳೆದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದರು. ಅವತ್ತು ತಾವೇ ಬಟ್ಟೆ ಬಿಚ್ಚಿ ಎರಡು ಬೋಗುಣಿ ತುಂಬಿಸಿದರು. ಒಂದಕ್ಕೆ ಬಲಗಡೆಯ ಎತ್ತು, ಇನ್ನೊಂದಕ್ಕೆ ಗೋದಲಿ ಬಿಟ್ಟು ಕೈಮುಗಿದರು.

ಎತ್ತು ಮೆಲ್ಲಗೆ ಕರಗತೊಡಗಿತು. ಇಬ್ಬರೂ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆವು. ಕೊಂಬು ಹೋಯಿತು, ಕಿವಿ ಹೋಯಿತು. ಇದ್ದಕ್ಕಿದ್ದಂತೆ ಓನರಮ್ಮ ನನ್ನ ರಟ್ಟೆ ಹಿಡಿದು ಚೀರಿದರು.

"ಅಯ್ಯೋ ಶಿವನೇ! ಬಸವಣ್ಣನ ಕಣ್ಣು ಹೊಂಟೋತಲ್ಲೇ!"

ನಿಜವಾಗಿ ಹೊರಟಿತ್ತು. ಅವರು ಶಂಖ ಅಂದುಕೊಂಡು ಒತ್ತಿದ್ದು ಜೀವಂತ ಬಸವನಹುಳು. ನೀರು ಬತ್ತಿದಾಗ ಬಾಗಿಲು ಮುಚ್ಚಿಕೊಂಡು ಒಳಗೆ ಕೂರುವ ಜಾತಿ. ಈಗ ಬಾಗಿಲು ತೆರೆದು, ಮೀಸೆ ಚಾಚಿ, ಎತ್ತಿನ ಮೂಗಿನ ಮೇಲಿಂದ ನಿಧಾನವಾಗಿ ಇಳಿದು ಬರುತ್ತಿತ್ತು. ಹಿಂದೆಯೇ ಎರಡನೆಯ ಕಣ್ಣೂ ಹೊರಟಿತು. ಅದೇ ವಿಷಯ ಓದಿ ಬಂದಿದ್ದ ನಾನು ಕಣ್ಣೆದುರಿಗಿದ್ದದ್ದನ್ನು ಗುರುತಿಸಿರಲಿಲ್ಲ, ಅಳುವುದರಲ್ಲೇ ಮುಳುಗಿದ್ದೆ. ಓನರಮ್ಮ ಅಳುತ್ತ ನಗುತ್ತಿದ್ದರು. "ಕೊಂದಿಲ್ಲ ಕಣವ್ವ, ನಾನು ಕೊಂದಿಲ್ಲ!"

ಮತ್ತೆರಡು ದಿನಕ್ಕೆ ಎರಡೂ ಬೋಗುಣಿಗಳಲ್ಲಿ ಬಿಳಿ ಚುಕ್ಕೆಗಳು ಓಡಾಡತೊಡಗಿದವು. ಸೀಗಡಿಯ ದೂರದ ನೆಂಟರು, ಸಾಸಿವೆಗಿಂತ ಸಣ್ಣವು. ಗೈಡ್ ಬಂದರು. ಓನರಮ್ಮ ಅವರಿಗೆ ಕಾಲು ತೊಳೆಸಿಯೇ ಒಳಗೆ ಬಿಟ್ಟರು. ನಡೆದದ್ದನ್ನೆಲ್ಲ ನನ್ನಿಂದ ಕೇಳಿ, ಅವರು ಲೆನ್ಸ್ ಹಿಡಿದು ಬೋಗುಣಿಯ ಮೇಲೆ ಬಹಳ ಹೊತ್ತು ಬಗ್ಗಿದ್ದರು. "ಮೂರು ಡಬ್ಬಿ ಮಣ್ಣೂ ಬೆರೆತುಹೋಗಿರಬೇಕಲ್ಲಮ್ಮ, ಇದು ಯಾವ ಗುಂಡಿಯದು?" ಅಂತ ಕೇಳಿದರು. ಉತ್ತರ ಅಡುಗೆಮನೆಯಿಂದ ಬಂತು.

"ಎಲ್ಲಿ ಬೆರೀತವೆ ಸಾರ್? ಮಣ್ಣು ಬೆರೆಸಿದ್ರೆ ಕೊಂಬು ನಿಲ್ಲಲ್ಲ! ಒಂದನೇ ಡಬ್ಬಿ ಎಡಗಡೆ ಎತ್ತು, ಎರಡನೇದು ಬಲಗಡೆ ಎತ್ತು, ಮೂರನೇದರಲ್ಲಿ ಮರಳು ಜಾಸ್ತಿ ಇತ್ತು, ಅದ್ಕೇ ಗೋದಲಿ."

ನನ್ನ ಮೊದಲ ದಾಖಲೆ ಪುಸ್ತಕದಲ್ಲಿ ಮಾದರಿಗಳ ಹೆಸರು ಇವತ್ತಿಗೂ ಹಾಗೇ ಇವೆ: ಎಡ ಎತ್ತು, ಬಲ ಎತ್ತು, ಗೋದಲಿ. ಗೈಡ್ ಕೆಳಗೆ ಸಹಿ ಹಾಕಿದರು. ವಿಷಯ ಉಳಿಯಿತು.

ಎಡ ಎತ್ತನ್ನು ಮಾತ್ರ ಓನರಮ್ಮ ನೀರಿಗೆ ಬಿಡಲಿಲ್ಲ. ಅದರ ಕಣ್ಣಾಗಿದ್ದ ಎರಡು ಬಸವನಹುಳುಗಳನ್ನು ಹುಷಾರಾಗಿ ಬಿಡಿಸಿ ಬೋಗುಣಿಗೆ ಹಾಕಿ, ಆ ಜಾಗಕ್ಕೆ ಜೋಳದ ಕಾಳು ಒತ್ತಿದರು. ನಾನು ಊರು ಬಿಡುವ ದಿನ ಎತ್ತನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಇದು ನಿನ್ನತ್ರ ಇರ್ಲಿ. ಎಲ್ಲಾ ಒಂದೇ ಮಳೆಗೆ ಖರ್ಚು ಮಾಡಬ್ಯಾಡ."

ಹೋಗಿ ನೋಡಿಬರಬೇಕು ಅಂತ ಪ್ರತಿ ಅಮಾವಾಸ್ಯೆಗೂ ಅಂದುಕೊಳ್ಳುತ್ತಿದ್ದೆ. ಫೋನಿನಲ್ಲೇ ಕಾಲ ಕಳೆದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳ ಮೇಲೆ. ನನ್ನ ಸೋಮಾರಿತನಕ್ಕೆ ಏನು ಹೇಳಲಿ... ಆ ಹಳ್ಳಕ್ಕೆ ಮಾತ್ರ ಹೋಗಿಬಂದಿದ್ದೆ. ಚೆಕ್ ಡ್ಯಾಮಿನಲ್ಲಿ ಈಗ ವರ್ಷವಿಡೀ ನೀರು, ನೀರಲ್ಲಿ ಯಾರೋ ತಂದು ಬಿಟ್ಟ ಜಿಲೇಬಿ ಮೀನು. ಅಕ್ಕಪಕ್ಕದ ಬೋರುಗಳಿಗೆ ಒಳ್ಳೆಯದೇ ಆಗಿದೆ, ಇಲ್ಲ ಅನ್ನಲಾರೆ. ಆದರೆ ಒಣಗಿದರೆ ಮಾತ್ರ ಬದುಕುವ ನನ್ನ ಜೀವಗಳು ಒಂದೂ ಸಿಗಲಿಲ್ಲ.

ಹಾಗಾಗಿ ಮೊನ್ನೆ ಮುರಿದ ಕೊಂಬನ್ನು ಎಸೆಯಲು ಮನಸ್ಸಾಗಲಿಲ್ಲ. ಗಾಜಿನ ಬಟ್ಟಲಲ್ಲಿ ಮಳೆನೀರು ಹಿಡಿದು ಅದರಲ್ಲಿ ಹಾಕಿ, ಕಿಟಕಿಯ ಬಳಿ ಇಟ್ಟೆ. ಮೊದಲನೆಯ ದಿನ ಕೆಸರು. ಎರಡನೆಯ ದಿನವೂ ಕೆಸರು. ಮೂರನೆಯ ದಿನ ಬೆಳಿಗ್ಗೆ ಒಂದು ಬಿಳಿ ಚುಕ್ಕೆ ತಳದಿಂದ ಎದ್ದು, ತಡವರಿಸುತ್ತ ಬೆಳಕಿನ ಕಡೆಗೆ ಈಜಿತು.

"ಅಮ್ಮಾ, ಬೇಗ ಬನ್ನಿ!" ಅಂತ ಕೂಗಿಯೇಬಿಟ್ಟೆ. ಕೂಗಿದ ಮೇಲೆ ಅಡುಗೆಮನೆಯ ಕಡೆ ತಿರುಗಿದೆ. ಅಲ್ಲಿ ಕುಕ್ಕರ್ ಬಿಟ್ಟರೆ ಯಾರೂ ಇರಲಿಲ್ಲ.

ಒಂಟಿ ಕೊಂಬಿನ ಎತ್ತನ್ನು ಕಪಾಟಿನ ಮೇಲೆ ಇನ್ನೂ ಒಳಕ್ಕೆ ತಳ್ಳಿ ಇಟ್ಟಿದ್ದೇನೆ. ಅದರ ಬೆನ್ನಿನ ಹಿಣಿಲಿನ ಮೇಲೆ ಓನರಮ್ಮ ಒತ್ತಿದ ಹೆಬ್ಬೆರಳಿನ ಗೆರೆಗಳು ಹಾಗೇ ಇವೆ; ನೀರಿಗಿಟ್ಟರೆ ಮೊದಲು ಕರಗುವುದು ಅವೇ. ಎಷ್ಟು ಮೊಟ್ಟೆ ಅದರೊಳಗೆ ಕಾದಿವೆಯೋ ಗೊತ್ತಿಲ್ಲ. ಕ್ಷಮಿಸಲಿ, ಅವುಗಳಿಗೆ ನಾನು ಈ ಜನ್ಮದಲ್ಲಿ ಮಳೆ ಕೊಡಲಾರೆ.